ಹವ್ಯಾಸಿ ಕರ್ನಲ್‌ಗಳು ಮತ್ತು ಬೂಟ್‌ಸ್ಟ್ರ್ಯಾಪ್ ಯೋಜನೆಗಳ ಹೋಲಿಕೆ

ಹವ್ಯಾಸಿ ಕರ್ನಲ್ ಎಂದರೆ ವ್ಯಾಪಾರದ ಉದ್ದೇಶವಿಲ್ಲದೆ, ಕಲಿಕೆಗಾಗಿ ಅಥವಾ ಸ್ವಂತ ಆಸಕ್ತಿಯಿಂದ, ಒಬ್ಬರು ಇಲ್ಲವೆ ಒಂದು ಸಣ್ಣ ತಂಡ ಬರೆಯುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳುಭಾಗ. ಬೂಟ್‌ಸ್ಟ್ರ್ಯಾಪ್ ಯೋಜನೆ ಎಂದರೆ ಮನುಷ್ಯನು ಕಣ್ಣಿನಿಂದಲೇ ಓದಿ ಪರಿಶೀಲಿಸಬಲ್ಲ ಅತಿ ಚಿಕ್ಕ ಯಂತ್ರಸಂಕೇತದಿಂದ ಆರಂಭಿಸಿ, ಹಂತ ಹಂತವಾಗಿ ಪೂರ್ಣ ಪ್ರಮಾಣದ ಕಂಪೈಲರ್ ಹಾಗೂ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿಕೊಳ್ಳುವ ಪ್ರಯತ್ನ.

ಇವೆರಡೂ ಗಾತ್ರದಲ್ಲಿ ಚಿಕ್ಕವು ಮತ್ತು ಬಹುತೇಕ ಸ್ವಯಂಸೇವಕರ ಶ್ರಮದಿಂದ ನಡೆಯುವಂಥವು. ಆದ್ದರಿಂದ ಅವುಗಳನ್ನು ಒಂದೇ ಬಗೆಯ ಕೆಲಸವೆಂದು ಭಾವಿಸುವುದುಂಟು. ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಕಂಪ್ಯೂಟರ್ ಹೇಗೆ ನಡೆಯುತ್ತದೆ ಎಂಬುದು ಹವ್ಯಾಸಿ ಕರ್ನಲ್‌ನ ಪ್ರಶ್ನೆ. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ತಂತ್ರಾಂಶ ಎಲ್ಲಿಂದ ಬಂತು, ಅದನ್ನು ಯಾವ ಆಧಾರದ ಮೇಲೆ ನಂಬಬಹುದು ಎಂಬುದು ಬೂಟ್‌ಸ್ಟ್ರ್ಯಾಪ್ ಯೋಜನೆಯ ಪ್ರಶ್ನೆ.

ಪರಿಭಾಷೆ

ಕರ್ನಲ್: ಯಂತ್ರಾಂಶ ಮತ್ತು ಬಳಕೆದಾರರ ತಂತ್ರಾಂಶಗಳ ನಡುವೆ ನಿಂತು ಮೆಮೊರಿ, ಸಂಸ್ಕಾರಕದ ಸಮಯ, ಕಡತಗಳು ಮತ್ತು ಸಾಧನಗಳನ್ನು ಹಂಚಿಕೊಡುವ ಮೂಲಭಾಗ.

ಆಕರ ಸಂಕೇತ: ಮನುಷ್ಯರು ಓದಿ ಬರೆಯುವ ರೂಪದಲ್ಲಿರುವ ತಂತ್ರಾಂಶ.

ಯಂತ್ರಸಂಕೇತ: ಸಂಸ್ಕಾರಕವು ನೇರವಾಗಿ ನಡೆಸುವ, ಸೊನ್ನೆ ಮತ್ತು ಒಂದರ ರೂಪದಲ್ಲಿರುವ ತಂತ್ರಾಂಶ.

ಕಂಪೈಲರ್: ಆಕರ ಸಂಕೇತವನ್ನು ಯಂತ್ರಸಂಕೇತಕ್ಕೆ ಪರಿವರ್ತಿಸುವ ತಂತ್ರಾಂಶ. ಇದನ್ನು ಸಂಕಲಕ ಎಂದೂ ಕರೆಯುತ್ತಾರೆ.

ಬೀಜ: ಬೂಟ್‌ಸ್ಟ್ರ್ಯಾಪ್ ಸರಪಳಿಯ ಮೊದಲಿಗೆ ಸಿದ್ಧರೂಪದಲ್ಲಿಯೇ ಇರಬೇಕಾದ ಯಂತ್ರಸಂಕೇತ. ಇದು ಚಿಕ್ಕದಾದಷ್ಟೂ ಪರಿಶೀಲನೆ ಸುಲಭ.

ಬೂಟ್‌ಸ್ಟ್ರ್ಯಾಪ್ ಎಂಬ ಪದ ಪಾದರಕ್ಷೆಯ ಹಿಂಬದಿಯಲ್ಲಿ ಎಳೆದುಕೊಳ್ಳಲು ಇರುವ ಪಟ್ಟಿಯ ಹೆಸರಿನಿಂದ ಬಂದಿದೆ. ಆ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಅಸಾಧ್ಯದ ಚಿತ್ರವೇ ಪದದ ಮೂಲಾರ್ಥ. ಕಂಪ್ಯೂಟರನ್ನು ಚಾಲನೆಗೊಳಿಸುವುದಕ್ಕೆ ಬಳಸುವ ಬೂಟ್ ಎಂಬ ಮಾತೂ ಇದರದೇ ಸಂಕ್ಷಿಪ್ತ ರೂಪ.

ಹಿನ್ನೆಲೆ

ಚಿಕ್ಕ ಕರ್ನಲ್‌ನ ಆಕರ ಸಂಕೇತವನ್ನು ಪಠ್ಯದಂತೆ ಓದುವ ಪದ್ಧತಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ನಾಂದಿ ಹಾಡಿದರು. 1970ರ ದಶಕದಲ್ಲಿ ಅವರು ಯುನಿಕ್ಸ್ ಆರನೆಯ ಆವೃತ್ತಿಯ ಕರ್ನಲ್‌ಗೆ ಸಾಲುಸಾಲಾಗಿ ವ್ಯಾಖ್ಯಾನ ಬರೆದರು. ಆ ಕರ್ನಲ್‌ನ ಗಾತ್ರ 10,000 ಸಾಲುಗಳಿಗಿಂತ ಕಡಿಮೆಯಿತ್ತು. ಪರವಾನಗಿಯ ನಿರ್ಬಂಧಗಳ ಕಾರಣ ಆ ವ್ಯಾಖ್ಯಾನ ದೀರ್ಘಕಾಲ ಜೆರಾಕ್ಸ್ ಪ್ರತಿಗಳಾಗಿಯೇ ವಿದ್ಯಾರ್ಥಿಗಳ ಕೈಯಿಂದ ಕೈಗೆ ಹರಿದಾಡಿತು. ಪುಸ್ತಕವಾಗಿ ಬಹಿರಂಗ ಪ್ರಕಟಣೆ ಕಂಡದ್ದು 1996ರಲ್ಲಿ.

1987ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ಬೋಧನೆಗಾಗಿಯೇ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸಿ, ಅದರ ಆಕರ ಸಂಕೇತವನ್ನು ತಮ್ಮ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಮಿನಿಕ್ಸ್ ಬಳಸುತ್ತಿದ್ದ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತಾವೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ, ಅದು ಕೇವಲ ಹವ್ಯಾಸವೆಂದೂ ಪ್ರಕಟಿಸಿದರು. ಅದೇ ಲಿನಕ್ಸ್. ಮೊದಲ ಆವೃತ್ತಿಯಲ್ಲಿ ಸುಮಾರು 10,000 ಸಾಲುಗಳಿದ್ದ ಆ ಕರ್ನಲ್ ಇಂದು 3 ಕೋಟಿ ಸಾಲುಗಳನ್ನು ಮೀರಿದೆ. ಒಬ್ಬ ವ್ಯಕ್ತಿ ಪೂರ್ತಿ ಓದಿ ತಿಳಿಯಬಹುದಾದ ಗಾತ್ರವನ್ನು ಅದು ದಾಟಿ ಬಹುಕಾಲವಾಯಿತು. ಹೊಸ ಹವ್ಯಾಸಿ ಕರ್ನಲ್‌ಗಳು ಹುಟ್ಟುತ್ತಲೇ ಇರುವುದಕ್ಕೆ ಇದು ಮುಖ್ಯ ಕಾರಣ.

ಬೂಟ್‌ಸ್ಟ್ರ್ಯಾಪ್ ಯೋಜನೆಗಳ ಹಿನ್ನೆಲೆ ಬೇರೆ. ಯುನಿಕ್ಸ್‌ನ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅವರಿಗೆ ಡೆನಿಸ್ ರಿಚಿಯವರೊಂದಿಗೆ 1983ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. 1984ರಲ್ಲಿ ಪ್ರಕಟವಾದ ತಮ್ಮ ಪ್ರಶಸ್ತಿ ಉಪನ್ಯಾಸದಲ್ಲಿ ಅವರು ಒಂದು ಅಪಾಯವನ್ನು ವಿವರಿಸಿದರು. ಲಾಗಿನ್ ತಂತ್ರಾಂಶವನ್ನು ಕಂಪೈಲ್ ಮಾಡುವಾಗ ಅದರೊಳಗೆ ಗುಟ್ಟಾಗಿ ಒಂದು ಕಳ್ಳದಾರಿಯನ್ನು ಸೇರಿಸುವಂತೆ ಕಂಪೈಲರನ್ನು ತಿದ್ದಬಹುದು. ಅದೇ ಕಂಪೈಲರ್ ಮುಂದೆ ತನ್ನದೇ ಹೊಸ ಪ್ರತಿಯನ್ನು ಕಂಪೈಲ್ ಮಾಡುವಾಗ, ಈ ಕುತಂತ್ರವನ್ನು ಆ ಪ್ರತಿಗೂ ದಾಟಿಸುವಂತೆ ಮಾಡಬಹುದು. ಬಳಿಕ ಆಕರ ಸಂಕೇತದಿಂದ ಕುತಂತ್ರದ ಸಾಲುಗಳನ್ನು ಅಳಿಸಿಹಾಕಿದರೂ ಅದು ಯಂತ್ರಸಂಕೇತದಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ಆಕರ ಸಂಕೇತವನ್ನು ಎಷ್ಟು ಓದಿದರೂ ಅದು ಕಣ್ಣಿಗೆ ಬೀಳುವುದಿಲ್ಲ.

ಮನೆಯ ಮೊಸರಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಇಂದಿನ ಹಾಲು ಮೊಸರಾಗಲು ನಿನ್ನೆಯ ಮೊಸರಿನ ಹೆಪ್ಪು ಬೇಕು. ನಿನ್ನೆಯದಕ್ಕೆ ಮೊನ್ನೆಯದು ಬೇಕು. ಹೆಪ್ಪಿನಲ್ಲಿ ದೋಷವಿದ್ದರೆ ಹಾಲು ಎಷ್ಟೇ ಶುದ್ಧವಾಗಿದ್ದರೂ ದೋಷ ಮುಂದುವರಿಯುತ್ತದೆ. ಇಲ್ಲಿ ಹಾಲು ಆಕರ ಸಂಕೇತ, ಹೆಪ್ಪು ಹಳೆಯ ಕಂಪೈಲರ್. ಸಿ ಭಾಷೆಯ ಪ್ರಸಿದ್ಧ ಕಂಪೈಲರ್ ಆದ ಜಿಸಿಸಿಯನ್ನು ಕಟ್ಟಲು ಈಗಾಗಲೇ ಸಿದ್ಧವಿರುವ ಇನ್ನೊಂದು ಕಂಪೈಲರ್ ಬೇಕು. ಎರವಲು ಹೆಪ್ಪಿಲ್ಲದೆ ಮೊದಲಿನಿಂದ ಆರಂಭಿಸುವುದು ಹೇಗೆ ಎಂಬುದೇ ಬೂಟ್‌ಸ್ಟ್ರ್ಯಾಪ್ ಯೋಜನೆಗಳ ಹುಡುಕಾಟ.

ಪ್ರಮುಖ ಹವ್ಯಾಸಿ ಮತ್ತು ಬೋಧನಾ ಕರ್ನಲ್‌ಗಳು

ಎಕ್ಸ್‌ವಿ6: ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 2006ರಲ್ಲಿ ಬೋಧನೆಗಾಗಿ ರಚಿತವಾಯಿತು. ಯುನಿಕ್ಸ್ ಆರನೆಯ ಆವೃತ್ತಿಯ ವಿನ್ಯಾಸವನ್ನು ಇಂದಿನ ಸಿ ಭಾಷೆಯಲ್ಲಿ ಮರುರಚಿಸಲಾಗಿದೆ. ಮೊದಲು ಇಂಟೆಲ್ ಮಾದರಿಯ ಸಂಸ್ಕಾರಕಗಳಿಗೆ ಇದ್ದುದನ್ನು ನಂತರ ರಿಸ್ಕ್-ಫೈವ್ ವಿನ್ಯಾಸಕ್ಕೆ ಬದಲಾಯಿಸಲಾಯಿತು. ಮುಂಬಯಿ ಮತ್ತು ದೆಹಲಿಯ ಐಐಟಿಗಳೂ ಇದನ್ನು ಬೋಧನೆಯಲ್ಲಿ ಬಳಸಿವೆ.

ಎಕ್ಸ್‌ಪಿಓಎಸ್: ಕೇರಳದ ಕಲ್ಲಿಕೋಟೆಯ ಎನ್ಐಟಿಯಲ್ಲಿ ರೂಪುಗೊಂಡ ಬೋಧನಾ ವ್ಯವಸ್ಥೆ. ಸಿದ್ಧ ಕರ್ನಲ್‌ಗೆ ತಿದ್ದುಪಡಿ ಮಾಡುವ ಬದಲು, ವಿದ್ಯಾರ್ಥಿಗಳು ಹಂತ ಹಂತವಾಗಿ ತಾವೇ ಒಂದು ಪುಟ್ಟ ವ್ಯವಸ್ಥೆಯನ್ನು ಕಟ್ಟುವಂತೆ ಇದರ ಪಾಠಗಳು ಜೋಡಣೆಯಾಗಿವೆ.

ಮೆನ್ಯುಯೆಟ್ಓಎಸ್: ಫಿನ್ಲೆಂಡಿನ ವಿಲ್ಲೆ ತುರ್ಯನ್ಮಾ ಅವರು 2000ದಲ್ಲಿ ಆರಂಭಿಸಿದ, ಸಂಪೂರ್ಣವಾಗಿ ಅಸೆಂಬ್ಲಿ ಭಾಷೆಯಲ್ಲಿ ಬರೆದ ವ್ಯವಸ್ಥೆ. ಚಿತ್ರಾತ್ಮಕ ಪರದೆಯೂ ಸೇರಿ ಇಡೀ ವ್ಯವಸ್ಥೆ 1.44 ಮೆಗಾಬೈಟ್‌ನ ಒಂದು ಫ್ಲಾಪಿಯಲ್ಲಿ ಹಿಡಿಯುತ್ತದೆ. ಇದರಿಂದ 2004ರಲ್ಲಿ ಕೊಲಿಬ್ರಿಓಎಸ್ ಕವಲೊಡೆಯಿತು.

ಟೆಂಪಲ್ಓಎಸ್: ಅಮೆರಿಕದ ಟೆರ್ರಿ ಡೇವಿಸ್ ಅವರು ಒಬ್ಬರೇ ರಚಿಸಿದ ವ್ಯವಸ್ಥೆ. ಇದಕ್ಕಾಗಿ ಅವರು ಹೋಲಿ-ಸಿ ಎಂಬ ತಮ್ಮದೇ ಭಾಷೆಯನ್ನೂ ಅದರ ಕಂಪೈಲರನ್ನೂ ಬರೆದರು. 16 ಬಣ್ಣಗಳ ಪರದೆಯನ್ನು ಬಳಸುವ ಇದಕ್ಕೆ ಜಾಲ ಸಂಪರ್ಕವಿಲ್ಲ.

ರೆಡಾಕ್ಸ್: ಜೆರೆಮಿ ಸೋಲರ್ ಅವರು 2015ರಲ್ಲಿ ರಸ್ಟ್ ಭಾಷೆಯಲ್ಲಿ ಆರಂಭಿಸಿದ ವ್ಯವಸ್ಥೆ. ಮೆಮೊರಿಯ ತಪ್ಪು ಬಳಕೆಯನ್ನು ಭಾಷೆಯ ಮಟ್ಟದಲ್ಲಿಯೇ ತಡೆಯುವುದು ಇದರ ಆಶಯಗಳಲ್ಲಿ ಒಂದು.

ಸೆರೆನಿಟಿಓಎಸ್: ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ ಅವರು 2018ರಲ್ಲಿ ಸಿ++ ಭಾಷೆಯಲ್ಲಿ ಆರಂಭಿಸಿದರು. ಕರ್ನಲ್‌ನಿಂದ ಹಿಡಿದು ಜಾಲ ವೀಕ್ಷಕದವರೆಗೆ ಎಲ್ಲವನ್ನೂ ತಾವೇ ಬರೆಯುವುದು ತಂಡದ ನಿಲುವಾಗಿತ್ತು. ಅದರ ವೀಕ್ಷಕವಾದ ಲೇಡಿಬರ್ಡ್ 2024ರಲ್ಲಿ ಪ್ರತ್ಯೇಕ ಯೋಜನೆಯಾಯಿತು.

ಇವುಗಳಲ್ಲಿ ಭಾಷೆ, ಗಾತ್ರ, ಆಶಯಗಳು ಬೇರೆಯಾದರೂ ಮೊದಲ ಹೆಜ್ಜೆಗಳಲ್ಲಿ ಸಾಮ್ಯವಿದೆ. ಹಳೆಯ ಮಾದರಿಯ ಪಿಸಿಯಲ್ಲಿ ಬಯೋಸ್ ಡಿಸ್ಕಿನ ಮೊದಲ 512 ಬೈಟುಗಳನ್ನು ಮಾತ್ರ ಮೆಮೊರಿಗೆ ತರುತ್ತದೆ. ಆ ಪುಟ್ಟ ಭಾಗವು ಉಳಿದ ಕರ್ನಲನ್ನು ಓದಿಕೊಂಡು, ಸಂಸ್ಕಾರಕವನ್ನು 16 ಬಿಟ್‌ನ ಹಳೆಯ ಸ್ಥಿತಿಯಿಂದ 32 ಅಥವಾ 64 ಬಿಟ್‌ನ ಸ್ಥಿತಿಗೆ ತರಲು ಅನುವು ಮಾಡಿಕೊಡಬೇಕು. ಅನಂತರ ಮೆಮೊರಿಯ ಪುಟಗಳ ಪಟ್ಟಿ, ಅಡಚಣಾ ಸಂಕೇತಗಳ ನಿರ್ವಹಣೆ, ಗಡಿಯಾರ, ಪ್ರಕ್ರಿಯೆಗಳ ಸರದಿ, ಕಡತ ವ್ಯವಸ್ಥೆ ಇವು ಒಂದೊಂದಾಗಿ ಬರುತ್ತವೆ.

ಪ್ರಮುಖ ಬೂಟ್‌ಸ್ಟ್ರ್ಯಾಪ್ ಯೋಜನೆಗಳು

ಸ್ಟೇಜ್0: ಜೆರೆಮಯಾ ಓರಿಯನ್ಸ್ ಅವರು ಆರಂಭಿಸಿದ ಯೋಜನೆ. ಇದರ ಬೀಜದ ಹೆಸರು ಹೆಕ್ಸ್0. ಹದಿನಾರರ ಆಧಾರದ ಅಂಕಿಗಳ ಜೋಡಿಗಳನ್ನು ಓದಿ, ಟಿಪ್ಪಣಿಗಳನ್ನು ಬಿಟ್ಟು, ಒಂದೊಂದು ಜೋಡಿಗೆ ಒಂದೊಂದು ಬೈಟ್ ಬರೆಯುವುದಷ್ಟೇ ಅದರ ಕೆಲಸ. ಅದರಿಂದ ಹೆಕ್ಸ್1, ಹೆಕ್ಸ್2 ಎಂಬ ತುಸು ಹೆಚ್ಚು ಸಾಮರ್ಥ್ಯದ ಸಾಧನಗಳು, ಅವುಗಳಿಂದ ಸರಳ ಅಸೆಂಬ್ಲರ್, ಅದರಿಂದ ಸಿ ಭಾಷೆಯ ಒಂದು ಸಣ್ಣ ಭಾಗವನ್ನು ಬಲ್ಲ ಕಂಪೈಲರ್ ಹುಟ್ಟುತ್ತವೆ.

ಗ್ನೂ ಮೆಸ್: ಯಾನೆಕೆ ನ್ಯೂವೆನ್‌ಹೌಜೆನ್ ಅವರ ಯೋಜನೆ. ಸ್ಕೀಮ್ ಭಾಷೆಯ ನಿರ್ವಾಹಕ ಮತ್ತು ಆ ಭಾಷೆಯಲ್ಲಿ ಬರೆದ ಸಿ ಕಂಪೈಲರ್ ಇದರ ಎರಡು ಭಾಗಗಳು. ಸ್ಟೇಜ್0 ಸರಪಳಿಯಿಂದ ಮೆಸ್, ಮೆಸ್‌ನಿಂದ ಫ್ಯಾಬ್ರಿಸ್ ಬೆಲ್ಲಾರ್ ಅವರ ಟಿಸಿಸಿ ಎಂಬ ಪುಟ್ಟ ಸಿ ಕಂಪೈಲರ್, ಟಿಸಿಸಿಯಿಂದ ಹಳೆಯ ಜಿಸಿಸಿ, ಹಳೆಯದರಿಂದ ಹೊಸ ಜಿಸಿಸಿ ಎಂಬುದು ಮುಂದಿನ ಕ್ರಮ. ಹಳೆಯ ಜಿಸಿಸಿಯೇ ಏಕೆ ಎಂಬುದಕ್ಕೆ ಕಾರಣವಿದೆ. 2013ರಲ್ಲಿ ಬಂದ 4.8ನೆಯ ಆವೃತ್ತಿಯಿಂದ ಜಿಸಿಸಿಯನ್ನು ಕಟ್ಟಲು ಸಿ++ ಕಂಪೈಲರ್ ಬೇಕಾಗುತ್ತದೆ. ಕೇವಲ ಸಿ ಕಂಪೈಲರ್ ಕೈಯಲ್ಲಿರುವಾಗ ಅದಕ್ಕೂ ಹಿಂದಿನ ಆವೃತ್ತಿಯ ಮೂಲಕವೇ ಹಾದುಹೋಗಬೇಕು.

ಗ್ನೂ ಗಿಕ್ಸ್: ಲಿನಕ್ಸ್ ಆಧಾರಿತ ವಿತರಣೆ. ಇದರ ಬೀಜ ಮೊದಲಿಗೆ ಸುಮಾರು 250 ಮೆಗಾಬೈಟ್ ಇತ್ತು. 2019 ಮತ್ತು 2020ರಲ್ಲಿ ಅದನ್ನು ಹಂತಹಂತವಾಗಿ ತಗ್ಗಿಸಿ, 2023ರ ಏಪ್ರಿಲ್‌ನಲ್ಲಿ ತಂತ್ರಾಂಶ ಸರಪಳಿಯ ಮೂಲವನ್ನು 357 ಬೈಟುಗಳಿಗೆ ಇಳಿಸಿರುವುದಾಗಿ ಯೋಜನೆ ಪ್ರಕಟಿಸಿತು. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ಆ ಲೆಕ್ಕದಲ್ಲಿ 357 ಬೈಟ್ ಎಂದರೆ 119 ಕನ್ನಡ ಸಂಕೇತಗಳು, ಅಂದರೆ ಪುಸ್ತಕದ ಎರಡು ಮೂರು ಸಾಲುಗಳಷ್ಟು ಮಾತ್ರ. ಆದರೆ ಈ ಸರಪಳಿಯನ್ನು ನಡೆಸಲು ಸಿದ್ಧರೂಪದ ಗೈಲ್ ಎಂಬ ಸ್ಕೀಮ್ ನಿರ್ವಾಹಕ ಮತ್ತು ಲಿನಕ್ಸ್ ಕರ್ನಲ್ ಆಗಲೂ ಬೇಕಿದ್ದವು.

ಲೈವ್-ಬೂಟ್‌ಸ್ಟ್ರ್ಯಾಪ್: ಹೆಕ್ಸ್0 ಬೀಜದಿಂದ ಇಂದಿನ ಜಿಸಿಸಿಯವರೆಗಿನ ದಾರಿಯನ್ನು ಒಂದೇ ಸ್ವಯಂಚಾಲಿತ ಕ್ರಮವಾಗಿ ಜೋಡಿಸಿರುವ ಸ್ವಯಂಸೇವಕರ ಯೋಜನೆ. ಪೂರ್ವಸಿದ್ಧ ಕರ್ನಲ್‌ನ ಅಗತ್ಯವನ್ನೂ ತೆಗೆದುಹಾಕಲು ಇದು ಯತ್ನಿಸಿದೆ.

ಕೊಲ್ಯಾಪ್ಸ್ಓಎಸ್ ಮತ್ತು ಡಸ್ಕ್ಓಎಸ್: ಕೆನಡಾದ ವರ್ಜಿಲ್ ದುಪ್ರಾಸ್ ಅವರ ಯೋಜನೆಗಳು. ಹೊಸ ಕಂಪ್ಯೂಟರುಗಳ ತಯಾರಿಕೆಯೇ ನಿಂತುಹೋದರೆ, ಹಳೆಯ ಸಾಧನಗಳಿಂದ ಬಿಚ್ಚಿ ತೆಗೆದ ಚಿಪ್ಪುಗಳಲ್ಲಿಯೂ ನಡೆಯಬಲ್ಲ ವ್ಯವಸ್ಥೆ ಬೇಕೆಂಬ ಕಲ್ಪನೆಯಿಂದ 2019ರಲ್ಲಿ ಕೊಲ್ಯಾಪ್ಸ್ಓಎಸ್ ಸುದ್ದಿಗೆ ಬಂತು. ಇವೆರಡೂ ಫೋರ್ತ್ ಭಾಷೆಯನ್ನು ಆಧರಿಸಿವೆ. ಕರ್ನಲ್ ಮತ್ತು ಬೂಟ್‌ಸ್ಟ್ರ್ಯಾಪ್ ಎಂಬ ಎರಡೂ ವರ್ಗಗಳ ಗುಣ ಇವುಗಳಲ್ಲಿವೆ.

ಹೋಲಿಕೆ

| ಯೋಜನೆ | ಬರೆದ ಭಾಷೆ | ಕಟ್ಟಲು ಬೇಕಾದ ಸಾಧನ | ಮುಖ್ಯ ಗುರಿ |
|---|---|---|---|
| ಎಕ್ಸ್‌ವಿ6 | ಸಿ | ಬೇರೆ ವ್ಯವಸ್ಥೆಯಲ್ಲಿರುವ ಸಿ ಕಂಪೈಲರ್ | ಬೋಧನೆ |
| ಮೆನ್ಯುಯೆಟ್ಓಎಸ್ | ಅಸೆಂಬ್ಲಿ | ಅಸೆಂಬ್ಲರ್ | ಕಿರಿದಾದ, ವೇಗದ ವ್ಯವಸ್ಥೆ |
| ಟೆಂಪಲ್ಓಎಸ್ | ಹೋಲಿ-ಸಿ | ತನ್ನೊಳಗಿನ ಕಂಪೈಲರ್ | ಒಬ್ಬರ ಸ್ವತಂತ್ರ ರಚನೆ |
| ರೆಡಾಕ್ಸ್ | ರಸ್ಟ್ | ರಸ್ಟ್ ಕಂಪೈಲರ್ | ಸುರಕ್ಷಿತ ಮೆಮೊರಿ ಬಳಕೆ |
| ಸೆರೆನಿಟಿಓಎಸ್ | ಸಿ++ | ಸಿ++ ಕಂಪೈಲರ್ | ಎಲ್ಲವನ್ನೂ ತಾವೇ ಬರೆದ ವ್ಯವಸ್ಥೆ |
| ಸ್ಟೇಜ್0 | ಹದಿನಾರರ ಆಧಾರದ ಅಂಕಿಗಳಿಂದ ಆರಂಭ | ಕೆಲವು ನೂರು ಬೈಟುಗಳ ಬೀಜ | ಪರಿಶೀಲಿಸಬಹುದಾದ ಮೂಲ |
| ಗ್ನೂ ಮೆಸ್ | ಸಿ ಮತ್ತು ಸ್ಕೀಮ್ | ಸ್ಟೇಜ್0 ಸರಪಳಿಯ ಫಲ | ಸಿ ಕಂಪೈಲರ್‌ವರೆಗಿನ ಸೇತುವೆ |

ಪಟ್ಟಿಯ ಮೂರನೆಯ ಅಂಕಣವೇ ಎರಡು ವರ್ಗಗಳನ್ನು ಬೇರ್ಪಡಿಸುವ ಗೆರೆ. ಎಕ್ಸ್‌ವಿ6ರ ಪ್ರತಿಯೊಂದು ಸಾಲನ್ನೂ ಒಬ್ಬ ವಿದ್ಯಾರ್ಥಿ ಓದಿ ಮುಗಿಸಬಹುದು. ಆದರೆ ಅದನ್ನು ಯಂತ್ರಸಂಕೇತವಾಗಿಸುವ ಜಿಸಿಸಿ ಲಕ್ಷಾಂತರ ಸಾಲುಗಳ ತಂತ್ರಾಂಶ. ಅದನ್ನು ನಂಬಿಯೇ ಮುಂದುವರಿಯಬೇಕು. ರೆಡಾಕ್ಸ್‌ನ ಕರ್ನಲ್ ಚಿಕ್ಕದು, ಆದರೆ ಅದರ ವಂಶಾವಳಿ ಉದ್ದ. ರಸ್ಟ್ ಕಂಪೈಲರನ್ನು ರಸ್ಟ್ ಭಾಷೆಯಲ್ಲಿಯೇ ಬರೆಯಲಾಗಿದೆ. ಆ ವೃತ್ತವನ್ನು ಒಡೆಯಲು ಸಿ++ ಭಾಷೆಯಲ್ಲಿ ಎಂರಸ್ಟ್‌ಸಿ ಎಂಬ ಬೇರೊಂದು ಕಂಪೈಲರನ್ನು ಬರೆಯಬೇಕಾಯಿತು.

ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳುವ ಶಕ್ತಿಯನ್ನು ಮೂಲದಿಂದ ಕಟ್ಟಬಹುದಾದ ಗುಣವೆಂದು ತಪ್ಪಾಗಿ ತಿಳಿಯುವುದುಂಟು. ಟೆಂಪಲ್ಓಎಸ್ ತನ್ನೊಳಗಿನ ಕಂಪೈಲರ್‌ನಿಂದಲೇ ತನ್ನನ್ನು ಕಟ್ಟಿಕೊಳ್ಳಬಲ್ಲದು. ಆದರೆ ಅದಕ್ಕೆ ತನ್ನದೇ ಹಿಂದಿನ ಯಂತ್ರಸಂಕೇತ ಬೇಕು. ಹೆಪ್ಪು ತನ್ನದೇ ಮನೆಯದೆಂಬುದು ಹೆಪ್ಪು ಬೇಡವೆಂಬುದಕ್ಕೆ ಸಮನಲ್ಲ.

ಗಾತ್ರದ ಅರ್ಥವೂ ಎರಡರಲ್ಲಿ ಭಿನ್ನವಾಗಿದೆ. ಕರ್ನಲ್‌ಗೆ ಚಿಕ್ಕತನವೆಂದರೆ ಓದುಗನಿಗೆ ಅರ್ಥವಾಗುವ ಅಳತೆ. ಬೂಟ್‌ಸ್ಟ್ರ್ಯಾಪ್ ಯೋಜನೆಗೆ ಚಿಕ್ಕತನವೆಂದರೆ ಪರಿಶೀಲಿಸದೆ ನಂಬಬೇಕಾದ ಭಾಗದ ಅಳತೆ.

ಎರಡೂ ಕೂಡುವ ಸ್ಥಳ

ಬೂಟ್‌ಸ್ಟ್ರ್ಯಾಪ್ ಸರಪಳಿ ಎಷ್ಟೇ ಶುದ್ಧವಾಗಿದ್ದರೂ, ಅದನ್ನು ಸಿದ್ಧರೂಪದ ಲಿನಕ್ಸ್ ಕರ್ನಲ್ ಮೇಲೆ ನಡೆಸಿದರೆ ಆ ಕರ್ನಲನ್ನು ನಂಬಬೇಕಾಗುತ್ತದೆ. ಇಂದಿನ ಲಿನಕ್ಸನ್ನು ಕಟ್ಟಲು ಜಿಸಿಸಿಯಂಥ ದೊಡ್ಡ ಕಂಪೈಲರ್ ಬೇಕು. ಜಿಸಿಸಿಯನ್ನು ಕಟ್ಟಲು ಒಂದು ಕರ್ನಲ್ ಬೇಕು. ಈ ತೊಡಕನ್ನು ಬಿಡಿಸಿದ್ದು ಚಿಕ್ಕ ಕರ್ನಲ್‌ಗಳೇ.

ರಿಕ್ ಮಾಸ್ಟರ್ಸ್ ಅವರ ಬಿಲ್ಡರ್-ಹೆಕ್ಸ್0 ಎಂಬುದು ಹೆಕ್ಸ್0 ಪರಿವರ್ತಕವನ್ನು ಒಡಲಲ್ಲೇ ಇಟ್ಟುಕೊಂಡ ಅತಿ ಕಿರಿದಾದ ಕರ್ನಲ್. ಆರಂಭದ ಹಂತಗಳನ್ನು ನಡೆಸಲು ಬೇಕಾದ ಕೆಲವೇ ಸೇವೆಗಳು ಅದರಲ್ಲಿವೆ. ಟಿಸಿಸಿ ಸಿದ್ಧವಾದ ಮೇಲೆ, ಜೊರ್ಡಿ ಸಾನ್‌ಫೆಲಿಯು ಅವರ ಫಿವಿಕ್ಸ್ ಎಂಬ ಕರ್ನಲನ್ನು ಅದರಿಂದ ಕಟ್ಟಲಾಗುತ್ತದೆ. ಯುನಿಕ್ಸ್ ಮಾದರಿಯ ಈ ಕರ್ನಲ್ ಹಳೆಯ ಲಿನಕ್ಸ್‌ನ ಸೇವಾ ಕರೆಗಳನ್ನು ಅರ್ಥಮಾಡಿಕೊಳ್ಳುತ್ತದೆ. ಫಿವಿಕ್ಸ್ ಮೇಲೆ ಮುಂದಿನ ಸಾಧನಗಳು ಸಿದ್ಧವಾಗಿ, ಕೊನೆಗೆ ಲಿನಕ್ಸ್ ಕರ್ನಲ್ ಕಟ್ಟಲ್ಪಟ್ಟು, ಕಂಪ್ಯೂಟರ್ ಅದಕ್ಕೆ ಹಸ್ತಾಂತರವಾಗುತ್ತದೆ.

ಫಿವಿಕ್ಸ್ ಈ ಸ್ಥಾನಕ್ಕೆ ಒದಗಿದ್ದು ಅದು ಚಿಕ್ಕದಾಗಿಯೂ ಸರಳವಾಗಿಯೂ ಇದ್ದುದರಿಂದ. ದೊಡ್ಡ ಕರ್ನಲ್‌ಗಳ ಮುಂದೆ ಹವ್ಯಾಸಿ ಕರ್ನಲ್‌ಗಳಿಗೆ ಉಪಯೋಗವಿಲ್ಲವೆಂಬ ಅಭಿಪ್ರಾಯಕ್ಕೆ ಇದೊಂದು ಸ್ಪಷ್ಟ ಉತ್ತರ.

ಕನ್ನಡ ಲಿಪಿಯ ಸ್ಥಾನ

ಹವ್ಯಾಸಿ ಕರ್ನಲ್‌ಗಳ ಪರದೆಯಲ್ಲಿ ಮೊದಲು ಮೂಡುವುದು ರೋಮನ್ ಅಕ್ಷರಗಳೇ. ಪಿಸಿಯ ಪಠ್ಯಸ್ಥಿತಿಯಲ್ಲಿ ಪರದೆ 80 ಕಂಬ ಮತ್ತು 25 ಸಾಲುಗಳ ಮನೆಗಳಾಗಿ ಹಂಚಿಕೆಯಾಗಿರುತ್ತದೆ. ಒಂದು ಮನೆಗೆ ಒಂದು ಅಕ್ಷರ. ಏಕಕಾಲಕ್ಕೆ ಸಾಮಾನ್ಯವಾಗಿ 256, ಹೆಚ್ಚೆಂದರೆ 512 ಆಕೃತಿಗಳನ್ನು ಮಾತ್ರ ಬಳಸಬಹುದು.

ಕನ್ನಡಕ್ಕೆ ಈ ಚೌಕಟ್ಟು ಸಾಲದು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು, ಅಂದರೆ 15 ಬೈಟುಗಳು. ಎರಡನೆಯ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಆಕೃತಿ ಜೋಡಣೆಯನ್ನು ಪ್ರತ್ಯೇಕ ತಂತ್ರಾಂಶವೊಂದು ಮಾಡಬೇಕು. ಇಂದು ಇದಕ್ಕೆ ವ್ಯಾಪಕವಾಗಿ ಬಳಕೆಯಾಗುವ ಹಾರ್ಫ್‌ಬಜ್ ಸಿ++ ಭಾಷೆಯಲ್ಲಿದೆ. ಹಾಗಾಗಿ ಬೂಟ್‌ಸ್ಟ್ರ್ಯಾಪ್ ಸರಪಳಿಯಲ್ಲಿ ಸಿ++ ಕಂಪೈಲರ್ ಹುಟ್ಟಿದ ಮೇಲಷ್ಟೇ ಅದನ್ನು ಕಟ್ಟಲು ಸಾಧ್ಯ. ರೋಮನ್ ಅಕ್ಷರ ಮೊದಲ ಮೆಟ್ಟಿಲಲ್ಲೇ ಕಾಣಿಸಿಕೊಂಡರೆ, ಒತ್ತಕ್ಷರ ಸರಿಯಾಗಿ ಕೂತ ಕನ್ನಡ ಪದ ಬಹಳ ಮೇಲಿನ ಮೆಟ್ಟಿಲಲ್ಲಿ ಕಾಣುತ್ತದೆ. ಚಿಕ್ಕ ವ್ಯವಸ್ಥೆಗಳಿಗೆ ಹೊಂದುವಂತೆ ಸಿ ಭಾಷೆಯಲ್ಲಿ ಕನ್ನಡಕ್ಕಷ್ಟೇ ಸೀಮಿತವಾದ ಸರಳ ಜೋಡಣಾ ತಂತ್ರಾಂಶ ಬರೆಯುವುದು ತಾತ್ತ್ವಿಕವಾಗಿ ಸಾಧ್ಯ. ಲಿಪಿಯನ್ನೂ ಕರ್ನಲನ್ನೂ ಒಟ್ಟಿಗೆ ಅರಿಯಲು ಅದೊಂದು ಉತ್ತಮ ಅಭ್ಯಾಸವಾದೀತು.

ಮಿತಿಗಳು

ಬೂಟ್‌ಸ್ಟ್ರ್ಯಾಪ್ ಯೋಜನೆಗಳು ಪರಿಶೀಲನೆಯನ್ನು ಸಾಧ್ಯವಾಗಿಸುತ್ತವೆ, ತಾವೇ ಪರಿಶೀಲಿಸುವುದಿಲ್ಲ. ಬೀಜ ಚಿಕ್ಕದಾದರೂ ಸರಪಳಿಯ ಮೇಲಿನ ಜಿಸಿಸಿ, ಲಿನಕ್ಸ್‌ಗಳ ಆಕರ ಸಂಕೇತವನ್ನು ಯಾರಾದರೂ ಓದಲೇಬೇಕು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳದಾರಿ ಪತ್ತೆಯಾಯಿತು. ನಂಬಿಕೆ ಗಳಿಸಿದ್ದ ನಿರ್ವಾಹಕರ ಹೆಸರಿನಿಂದಲೇ ಅದು ಸೇರಿತ್ತು. ಪರೀಕ್ಷೆಗೆಂದು ಇಟ್ಟಿದ್ದ ಕಡತಗಳಲ್ಲಿ ಅಡಗಿದ್ದ ಯಂತ್ರಸಂಕೇತವನ್ನು ಕಟ್ಟುವ ಹಂತದಲ್ಲಿ ಹೊರತೆಗೆಯಲಾಗುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಲಾಗಿನ್ ಆಗುವಾಗಿನ ಅಲ್ಪ ವಿಳಂಬವನ್ನು ಗಮನಿಸಿ ಇದನ್ನು ಬಯಲಿಗೆಳೆದರು. ಇಂಥದ್ದನ್ನು ಬೂಟ್‌ಸ್ಟ್ರ್ಯಾಪ್ ಒಂದೇ ತಡೆಯಲಾರದು. ಒಂದೇ ಆಕರದಿಂದ ಯಾರು ಕಟ್ಟಿದರೂ ಒಂದೇ ಯಂತ್ರಸಂಕೇತ ಬರಬೇಕೆಂಬ ಪುನರಾವರ್ತನೀಯ ನಿರ್ಮಾಣ, ಮತ್ತು ಎರಡು ಭಿನ್ನ ಕಂಪೈಲರ್‌ಗಳ ಮೂಲಕ ಕಟ್ಟಿ ಫಲಿತಾಂಶಗಳನ್ನು ಹೋಲಿಸುವ ಡೇವಿಡ್ ವೀಲರ್ ಅವರ ವಿಧಾನ ಇದಕ್ಕೆ ಪೂರಕವಾದ ಇತರ ಮಾರ್ಗಗಳು.

ಯಂತ್ರಾಂಶವೂ ನಂಬಿಕೆಯ ವ್ಯಾಪ್ತಿಯಲ್ಲಿಯೇ ಉಳಿಯುತ್ತದೆ. ಇಂಟೆಲ್ ಚಿಪ್ಪುಗಳ ಒಳಗಿನ ನಿರ್ವಹಣಾ ಘಟಕದಲ್ಲಿ ಮಿನಿಕ್ಸ್‌ನ ಒಂದು ರೂಪ ನಡೆಯುತ್ತಿರುವುದು 2017ರಲ್ಲಿ ವ್ಯಾಪಕವಾಗಿ ತಿಳಿದುಬಂತು. ಓದಿ ತಿಳಿಯಲೆಂದು ಬರೆದ ವ್ಯವಸ್ಥೆಯೇ ಬಳಕೆದಾರನಿಗೆ ತೆರೆದು ನೋಡಲಾಗದ ಜಾಗದಲ್ಲಿ ನೆಲೆಸಿತ್ತು.

ಹವ್ಯಾಸಿ ಕರ್ನಲ್‌ಗಳ ಮಿತಿ ಬೇರೆ. ಮುದ್ರಣಯಂತ್ರ, ವೈಫೈ, ಚಿತ್ರಫಲಕಗಳಿಗೆ ಬೇಕಾದ ಚಾಲಕ ತಂತ್ರಾಂಶ ಬರೆಯುವುದು ಸಣ್ಣ ತಂಡಕ್ಕೆ ಭಾರ. ಅನೇಕವು ಒಬ್ಬರ ಆಸಕ್ತಿಯನ್ನೇ ಅವಲಂಬಿಸಿರುವುದರಿಂದ ಆ ವ್ಯಕ್ತಿ ಬಿಟ್ಟೊಡನೆ ಸ್ಥಗಿತಗೊಳ್ಳುತ್ತವೆ.

ಕಲಿಕೆಯಲ್ಲಿ ಬಳಕೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪದವಿಯಲ್ಲಿ ಕಾರ್ಯಾಚರಣಾ ವ್ಯವಸ್ಥೆ ಒಂದು ಪಠ್ಯವಿಷಯ. ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಸೇರಿದಂತೆ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಈ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಪಠ್ಯದಲ್ಲಿ ಓದಿದ್ದನ್ನು ನಡೆಸಿ ನೋಡಲು ವಿಶೇಷ ಪ್ರಯೋಗಾಲಯ ಬೇಕಿಲ್ಲ. ಟಿಸಿಸಿ ಬರೆದ ಫ್ಯಾಬ್ರಿಸ್ ಬೆಲ್ಲಾರ್ ಅವರೇ ಆರಂಭಿಸಿದ ಕ್ಯೂಇಎಂಯು ಎಂಬ ಉಚಿತ ತಂತ್ರಾಂಶವು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುತ್ತದೆ. ಬರೆದ ಕರ್ನಲ್ ಕೆಟ್ಟು ನಿಂತರೂ ನಿಜವಾದ ಯಂತ್ರಕ್ಕೆ ತೊಂದರೆಯಾಗುವುದಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಇದಕ್ಕೆ ಸಾಕು.

ಆರಂಭಿಸುವವರು ಮೊದಲು ಎಕ್ಸ್‌ವಿ6ರ ಆಕರ ಸಂಕೇತವನ್ನು ಓದಿ, ಅದಕ್ಕೊಂದು ಹೊಸ ಸೇವಾ ಕರೆಯನ್ನು ಸೇರಿಸಿ ನೋಡುವುದು ರೂಢಿ. ಬಳಿಕ ಸ್ಟೇಜ್0ರ ಹೆಕ್ಸ್0 ಕಡತವನ್ನು ಅದರ ಟಿಪ್ಪಣಿಗಳ ಸಹಿತ ಓದಬಹುದು. ಮೊದಲನೆಯದು ಯಂತ್ರ ನಡೆಯುವ ಬಗೆಯನ್ನು ತೋರಿಸಿದರೆ, ಎರಡನೆಯದು ಅದನ್ನು ನಡೆಸುವ ತಂತ್ರಾಂಶದ ಮೂಲವನ್ನು ತೋರಿಸುತ್ತದೆ.